ಗೆರೆಯೊಕ್ಕಲ ನೇಗಿಲು

ಹಾಲ್ಕುರಿಕೆ ಕಡೆಯ ಒಂದು ಊರಿನಲ್ಲಿ ಶಾಂತಕುಮಾರಿಯದೊಂದು ಕೊಬ್ಬರಿ ಶೆಡ್ ಇದೆ. ಗಂಡ ಸದಾಶಿವಯ್ಯ ತಿಪಟೂರಿನ ವ್ಯಾಪಾರ ನೋಡಿಕೊಂಡರೆ ಚಿಪ್ಪು ಒಡೆಸುವುದು ಈಕೆಯ ಪಾಲು. ಕೆಲಸದ ಹೆಂಗಸರೊಂದಿಗೆ ತಾನೂ ಮಚ್ಚು ಹಿಡಿದು ಕೂತು ಕತೆ ಹೇಳುತ್ತಾಳೆ. ಎಲ್ಲೂ ಇಲ್ಲದ ಒಂದು ಸೀಮೆಯ ಕತೆ. ಅಲ್ಲಿ ಸಿಡಿಲಿಗೆ ಹುಟ್ಟಿದವರು ಸಿಡಿಲೊಕ್ಕಲು, ಬಾವಿಯಿಂದ ಎದ್ದು ಬಂದವರು ಬಾವಿಯೊಕ್ಕಲು, ಉತ್ತ ಗೆರೆಯಿಂದ ಹುಟ್ಟಿದವರು ಗೆರೆಯೊಕ್ಕಲು. ಇವರ ಕುಲದ ಗುರುತು ಮುರಿದ ನೇಗಿಲು. ಯಾರು ಯಾರಿಗೆ ಹೆಣ್ಣು ಕೊಡುವುದಿಲ್ಲ, ಯಾವ ತಲೆಮಾರಿನಲ್ಲಿ ಯಾವ ಜಗಳ ಹುಟ್ಟಿತು, ಎಲ್ಲವನ್ನೂ ವರ್ಷಗಳಿಂದ ಕಟ್ಟುತ್ತಾ ಬಂದಿದ್ದಾಳೆ. ಎಲ್ಲಾದರೂ ತಪ್ಪಿದರೆ ಹೆಂಗಸರೇ ತಿದ್ದುತ್ತಾರೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ, ಗೆರೆಯೊಕ್ಕಲ ಹಿರಿಯನೊಬ್ಬ ಮುತ್ತಿಗೆ ಹಾಕಿದ ಶತ್ರುಗಳಿಗೆ ಕೋಟೆಯ ಬಾಗಿಲು ತೆಗೆದ ಎಂಬಲ್ಲಿಗೆ ಕತೆ ನಿಂತಿತ್ತು. ಮಾರನೆಯ ಬೆಳಿಗ್ಗೆ, ಕೆಲಸಕ್ಕೆ ಬರುವ ಚಿಕ್ಕಗೌರಮ್ಮನ ಗಂಡ ರಂಗಪ್ಪ ತಮ್ಮಂದಿರನ್ನು ಕಟ್ಟಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತ. ಹೆಂಡತಿ ಮೊಮ್ಮಗಳಿಗೆ ಕತೆ ಹೇಳುವಾಗ ಕೇಳಿಸಿಕೊಂಡಿದ್ದ. ಸದಾಶಿವಯ್ಯ ಊರಲ್ಲಿರಲಿಲ್ಲ. ಮಚ್ಚುಗಳ ಸದ್ದು ನಿಂತಿತು.

"ನಾವು ದ್ರೋಹ ಮಾಡಿದ ವಂಶದೋರಾ, ಶಾಂತಮ್ಮ?"

ಅದು ತಾನು ಕಟ್ಟಿದ್ದು, ಯಾರ ಮನೆಯ ಕತೆಯೂ ಅಲ್ಲ ಎಂದಳು.

"ಕಟ್ಟಿದ್ದಾದ್ರೆ ನಮ್ಮನೆ ದೇವರ ಕೋಣೇಲಿರೋ ಮುರುದ ನೇಗ್ಲು ಅದ್ರೊಳಕ್ಕೆ ಹೆಂಗೆ ಬಂತು?"

ಶಾಂತಕುಮಾರಿಗೆ ಉತ್ತರ ಗೊತ್ತಿತ್ತು. ನೇಗಿಲ ವಿಷಯ ಹೇಳಿದವಳು ಚಿಕ್ಕಗೌರಮ್ಮನೇ. ತಾನು ಬಾಯಿಬಿಟ್ಟರೆ ಅವಳಿಗೆ ಮನೆಯಲ್ಲಿ ಏನು ಕಾದಿದೆಯೋ ಎಂದು ಆ ಹೆಸರು ಎತ್ತಲಿಲ್ಲ. ತಮ್ಮಂದಿರಲ್ಲೊಬ್ಬ ಒಳಗೆ ನುಗ್ಗಿ, ಊರ ಮುಂದೆ ತಪ್ಪಾಯಿತು ಅನ್ನಬೇಕು, ಇಲ್ಲದಿದ್ದರೆ ನಮ್ಮ ಕಡೆಯ ಒಬ್ಬ ಹೆಣ್ಣಾಳೂ ಇಲ್ಲಿಗೆ ಬರುವುದಿಲ್ಲ ಎಂದ.

ಚಿಕ್ಕಗೌರಮ್ಮ ಮಚ್ಚು ಕೆಳಗಿಟ್ಟಳು. "ನಾನೇ ಕಣ್ರೀ ಹೇಳಿದ್ದು. ನಮ್ಮ ನೇಗ್ಲೂ ಆ ಕತೇಲಿರ್ಲಿ ಅಂತ ಕೇಳ್ಕಂಡೆ. ಬಾಗ್ಲು ಯಾಕೆ ತೆಗೆದ ಅಂತ ಶಾಂತಕ್ಕ ಇನ್ನೂ ಹೇಳಿಲ್ಲ."

ರಂಗಪ್ಪ ಹೆಂಡತಿಯನ್ನೇ ದಿಟ್ಟಿಸಿದ. "ಹಂಗಾರೆ ಈಗ್ಲೇ ಹೇಳ್ಲಿ."

ಮುಂದಿನದನ್ನು ಶಾಂತಕುಮಾರಿ ಇನ್ನೂ ಯೋಚಿಸಿರಲಿಲ್ಲ. ಹಿರಿಯನನ್ನು ವೀರನನ್ನಾಗಿ ಮಾಡಿದರೆ ಇವರು ಹೊರಟುಹೋಗುತ್ತಾರೆ ಎನಿಸಿತು, ಆದರೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಕೋಟೆಯೊಳಗಿನ ಬಾವಿ ಬತ್ತಿತ್ತು ಎಂದು ಶುರುಮಾಡಿದಳು. ಮಕ್ಕಳನ್ನು ನೀರು ಕುಡಿಯಲು ಹೊರಗಿನ ಕೆರೆಗೆ ಬಿಡುತ್ತೇವೆ ಎಂದ ಶತ್ರುಗಳ ಮಾತು ನಂಬಿ ಹಿರಿಯ ಬಾಗಿಲು ತೆಗೆದ. ಮಕ್ಕಳು ಕೆರೆ ಮುಟ್ಟಿದರು. ಒಳಗಿದ್ದ ದೊಡ್ಡವರಲ್ಲಿ ಬಹಳ ಮಂದಿ ಶತ್ರುಗಳ ಕೈಯಲ್ಲಿ ಸತ್ತರು. ಉಳಿದವರು ಅವನನ್ನು ಕ್ಷಮಿಸಲಿಲ್ಲ, ಅವನೂ ಕ್ಷಮೆ ಕೇಳಲಿಲ್ಲ.

ಆ ಹಿರಿಯನ ಮಕ್ಕಳು ಉಳಿದರಾ ಎಂದು ರಂಗಪ್ಪ ಕೇಳಿದ. ಒಬ್ಬ ಮಗಳು ಉಳಿದಳು ಎಂದಳು ಶಾಂತಕುಮಾರಿ.

"ನೇಗ್ಲು ತೆಗೆದ್ಬುಡಿ. ಅದು ದೇವ್ರದು. ಮಿಕ್ಕಿದ್ದು ನಿಮ್ಮಿಷ್ಟ," ಎಂದು ತಮ್ಮಂದಿರನ್ನು ಕರೆದುಕೊಂಡು ಹೋದ.

ಶಾಂತಕುಮಾರಿ ಅಂದೇ ನೇಗಿಲನ್ನು ಕತೆಯಿಂದ ತೆಗೆದಳು. ಅದಕ್ಕೆ ಸಿಟ್ಟಾದವಳು ಚಿಕ್ಕಗೌರಮ್ಮ. ಕೆಲಸ ಬಿಡಲಿಲ್ಲ, ಆದರೆ ಆ ತಿಂಗಳೆಲ್ಲ ಶೆಡ್ಡಿನ ಆಚೆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತೇ ಕತೆ ಕೇಳಿದಳು.