ಸುಮತಿ ಅಕ್ಕೋರ ಹೆದರಿಕೆ

ಸುಮತಿ ಅಕ್ಕೋರಿಗೆ ಮುಚ್ಚಿದ ಬಾಗಿಲೆಂದರೆ ಜೀವ ಬಾಯಿಗೆ ಬರುತ್ತಿತ್ತು. ಕಾರವಾರದ ನಮ್ಮ ಪ್ರಯೋಗಾಲಯದಲ್ಲಿ ತಮ್ಮ ಕೋಣೆಯ ಚಿಲಕವನ್ನೇ ಬಿಚ್ಚಿಸಿದ್ದರು. ಅಂಕೋಲಾ ಹತ್ತಿರದ ತಮ್ಮೂರು ಕೇಣಿಯಲ್ಲಿ ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಅಪ್ಪನ ದೋಣಿಯ ಐಸ್ ಪೆಟ್ಟಿಗೆಯಲ್ಲಿ ಅಡಗಿ ಕೂತು, ಮುಚ್ಚಳ ಬಿಗಿದುಕೊಂಡಿತ್ತಂತೆ.

ಅಂಥ ಹೆಂಗಸು ಕಟ್ಟಿದ್ದೇನು ಗೊತ್ತೇ? ಗಾಳಿಯಾಡದ ಗಾಜಿನ ಕೋಣೆ! ಬಾಹ್ಯಾಕಾಶಕ್ಕೆ ಹೋದವರಿಗೆ ತಿನ್ನುವ ಸೊಪ್ಪನ್ನೂ ಉಸಿರಾಡುವ ಗಾಳಿಯನ್ನೂ ಗಿಡಗಳೇ ಕೊಡಬಲ್ಲವೇ ಎಂದು ನೋಡಲು ಅದರೊಳಗೆ ದೀಪದ ಬೆಳಕಿನಲ್ಲಿ ಹರಿವೆ ಬೆಳೆಸುತ್ತಿದ್ದೆವು. ಸಸ್ಯಶಾಸ್ತ್ರ ಅರೆದು ಕುಡಿದವರು, ಆದರೂ ಸಂಜೆಯಾದರೆ ಕೇಣಿಯ ಅಜ್ಜಿಯೇ ಆಗಿಬಿಡುತ್ತಿದ್ದರು. "ಹೊತ್ತು ಮುಳುಗ್ತು, ಗಿಡ ಮುಟ್ಬೇಡ್ರೇ. ಮಲ್ಗ್ತವೆ ಪಾಪ," ಎಂದು ನಮ್ಮನ್ನು ಓಡಿಸುತ್ತಿದ್ದರು.

ಒಳಗೆ ಮನುಷ್ಯರನ್ನು ಕೂರಿಸಿ ನೋಡುವ ದಿನ ಬಂತು. ನಾನು ಹೋಗುತ್ತೇನೆ ಎಂದೆ.

"ನಾನೇ ಹೋಗ್ದೆ ಬೇರೆಯೋರ ಮಗಳನ್ನ ಹೆಂಗೆ ಕಳ್ಸೂದೇ ಮಾರಾಯ್ತಿ?" ಅಂದರು. ಹೊಸ್ತಿಲಿನಿಂದ ಎರಡು ಸಲ ಹಿಂದೆ ಸರಿದು, ಮೂರನೇ ಸಲ ಒಳಗೆ ಹೋದರು. ಹೊರಗಿನಿಂದಷ್ಟೇ ತೆಗೆಯಬಹುದಾದ ಬಾಗಿಲನ್ನು ನಾನೇ ಮುಚ್ಚಿದೆ.

ಹಗಲೆಲ್ಲ ಚೆನ್ನಾಗಿತ್ತು. ಮುಸ್ಸಂಜೆಗೆ ಒಳಗಿನ ದೀಪಗಳು ಆರಿದವು. ಬೆಳಕಿಲ್ಲದೆ ಗಿಡ ಗಾಳಿಯನ್ನು ಶುದ್ಧ ಮಾಡುವುದಿಲ್ಲ, ನಮ್ಮ ಹಾಗೇ ಅದನ್ನು ಕೆಡಿಸುತ್ತದೆ. ಇದನ್ನು ನನಗೆ ಕಲಿಸಿದವರೇ ಅವರು! ಫೋನಿನಲ್ಲಿ ಕೇಳಿದರೆ, "ನಾನೇ ಆರ್ಸಿದೆ. ಸ್ವಲ್ಪ ಹೊತ್ತು ಮಲ್ಗ್ಲಿ," ಎಂದರು. ಮಾತು ತೊದಲುತ್ತಿತ್ತು. ಕೆಟ್ಟ ಗಾಳಿಯ ಮೀಟರು ಏರುತ್ತಲೇ ಇತ್ತು.

"ಅಕ್ಕೋರೆ, ಎಂತ ಆಗ್ತದೆ?"

"ಎಂತದೂ ಇಲ್ಲೆ."

ನಾನು ಬಾಗಿಲು ಕಿತ್ತು ತೆಗೆದೆ. "ಎಂತಕ್ಕೆ ತೆಗ್ದೆ?" ಎಂದು ಬೈಯುತ್ತಲೇ ಹೊರಬಂದರು. ಮೀಟರು ನೋಡಿದವರೇ ನೆಲದ ಮೇಲೆ ಕುಸಿದರು. "ತಲೆ ಸಿಡೀತಿತ್ತು, ಉಸಿರು ಕಟ್ತಿತ್ತು. ನನ್ನ ಹಳೇ ಹೆದ್ರಿಕೆ ಅಂದ್ಕಂಡೆ ಕಣೆ. ಹೇಳೂಕೆ ನಾಚ್ಕೆ ಆಯ್ತು." ನಾನು ಅವರನ್ನು ತಬ್ಬಿಕೊಂಡು ಅತ್ತೆ.

ಮುಂದೆ ಬೇರೆ ಊರಿನಲ್ಲಿ ಕಟ್ಟಿದ್ದ ಇಂಥದೇ ದೊಡ್ಡ ಕೋಣೆಗೆ ಅವರನ್ನು ಕರೆದರು. ಅಂಕೋಲಾ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ, ಹೋಗಬೇಡಿ ಎಂದು ಕೈ ಹಿಡಿದುಕೊಂಡೆ.

"ಹೆದ್ರಿಕೆ ಎಲ್ಲಿಗೆ ಹೋಗ್ತದೆ? ಆದ್ರೆ ಇನ್ನು ನಾಚ್ಕೆ ಬಿಟ್ಟೆ. ಹೆದ್ರಿಕೆ ಆದ್ರೆ ಹೇಳೇ ಹೇಳ್ತೆ," ಎಂದರು. ಅದೇ ಕೊನೆಯ ಭೇಟಿ.

ಅವರು ಅಲ್ಲಿ ಕೋಣೆಯೊಳಗೆ ಹೋಗಿ ವಾರವಾಗಿರಲಿಲ್ಲ, ಒಂದು ಮಧ್ಯಾಹ್ನ ನನಗೆ ಅವರ ಮೆಸೇಜು ಬಂತು: "ಹೆದ್ರಿಕೆ ಆಗ್ತದೆ." ಅಲ್ಲಿನ ಉಸ್ತುವಾರಿಯವನಿಗೆ ಫೋನು ಮಾಡಿದೆ.

ಅವನು ನಕ್ಕ. "ಅಯ್ಯೋ, ಸುಮತಿ ಮೇಡಮ್ಮಾ? ಅವರದ್ದು ದಿನಾ ಇದ್ದದ್ದೇ. ಇವತ್ತು ಬೆಳಿಗ್ಗೆಯಿಂದ ಅದೇ ರಾಗ."

"ನಗಬೇಡಿ! ಮೊದ್ಲು ಮೀಟರ್ ನೋಡಿ!" ಎಂದು ಕಿರುಚಿದೆ.

ಕುರ್ಚಿ ಸರಿದ ಸದ್ದು ಕೇಳಿಸಿತು. ನಗು ನಿಂತಿತು. ಯಾರೋ ಓಡಿದರು.

ಅಕ್ಕೋರನ್ನು ಹೊರಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರಂತೆ.