ಬೆರೆಜಿನಾ ಪಾಠ ಓದಿದ ಸಂಜೆ

ದೆವ್ವ, ಶಕುನ ಎಂದವರನ್ನು ನಾನು ಗೋಳುಹೊಯ್ದುಕೊಂಡಷ್ಟು ನಮ್ಮ ಜಯನಗರದಲ್ಲಿ ಬೇರೆ ಯಾರೂ ಹೊಯ್ದುಕೊಂಡಿರಲಾರರು. ಚಿಕ್ಕಲಸಂದ್ರದ ಹೊಲದಲ್ಲಿ ಕೊಳ್ಳಿದೆವ್ವ ಕಂಡೆನೆಂದ ಹಾಲಿನವನಿಗೆ, ಅದು ಬೀಡಿ ಸೇದುತ್ತಿತ್ತೇ ಎಂದು ಕೇಳಿದವನು ನಾನು. ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಆಧಾರವಿಲ್ಲದ ಮಾತು ಆಡಬಾರದೆಂಬ ಹಟ. ಹಾಗಾಗಿ ಇದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಅದು ಚೀನಾ ಯುದ್ಧದ ವರ್ಷ. ನನ್ನ ತಮ್ಮ ಗೋಪಿ ಸೈನ್ಯದಲ್ಲಿ ಸೇತುವೆ ಕಟ್ಟುವ ತುಕಡಿಯಲ್ಲಿದ್ದ. ಈಶಾನ್ಯ ಗಡಿಗೆ ಹೊರಟಿದ್ದೇನೆ ಎಂದು ಬರೆದ ಮೇಲೆ ಆರು ವಾರ ಕಾಗದವೇ ಇಲ್ಲ. ರೇಡಿಯೋ ಹಾಕಿದರೆ ನಮ್ಮವರು ಹಿಂದೆ ಸರಿಯುತ್ತಿರುವ ಸುದ್ದಿ. ಅಮ್ಮ ದಿನಾ ಟಪಾಲಿನ ಹೊತ್ತಿಗೆ ಗೇಟಿನ ಬಳಿ ನಿಂತಿದ್ದು, ಪೋಸ್ಟ್‌ಮ್ಯಾನ್ ತಲೆಯಾಡಿಸಿದ ಮೇಲೆ ಒಳಗೆ ಬರುತ್ತಿದ್ದಳು.

ಆಗ ನಾನು ಹುಡುಗರಿಗಾಗಿ ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯ ಪಾಠ ಬರೆಯುತ್ತಿದ್ದೆ. ಬರೆದದ್ದನ್ನು ಗಟ್ಟಿಯಾಗಿ ಓದಿ ತಿದ್ದುವುದು ನನ್ನ ಪದ್ಧತಿ. ಆ ಸಂಜೆ ಎದುರಿಗೆ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಬೇಸಿಗೆಯಲ್ಲಿ ಸೈನ್ಯ ಠೀವಿಯಿಂದ ನೇಮನ್ ನದಿ ದಾಟಿದ್ದನ್ನು ಓದಿದಾಗ ಅವಳ ಕೈ ಓಡುತ್ತಲೇ ಇತ್ತು. ಚಳಿಗಾಲದಲ್ಲಿ ಸೋತು ಮರಳುವಾಗ ಬೆರೆಜಿನಾ ನದಿ ಅಡ್ಡವಾಯಿತು. ಮನೆಗಳನ್ನು ಕೆಡವಿ ತಂದ ಮರದಿಂದ, ಮಂಜುಗಡ್ಡೆ ತೇಲುವ ನೀರಿನಲ್ಲಿ ಎದೆಮಟ್ಟಕ್ಕೆ ನಿಂತು ಸೈನಿಕರು ಸೇತುವೆ ಕಟ್ಟಿದರು ಎಂದು ಓದಿದೆ. ಅಮ್ಮನ ಕೈ ನಿಂತಿತು.

"ನೀರಲ್ಲಿ ನಿಂತಿದ್ದೋರು ಮೇಲೆ ಬಂದ್ರೇನೋ?"

"ನೂರೈವತ್ತು ವರ್ಷದ ಹಿಂದಿನ ಮಾತು ಕಣಮ್ಮ."

"ಯಾವಾಗಿಂದಾದ್ರೂ ಆಗ್ಲಿ. ಬಂದ್ರಾ ಇಲ್ವಾ, ಓದು."

ಮುಂದಿನ ಸಾಲಿನಲ್ಲಿ ನಾನು ಬರೆದಿದ್ದುದು, ಅವರಲ್ಲಿ ಬಹುಮಂದಿ ಸತ್ತರೆಂದು. ಅವಳ ಮುಖ ನೋಡಿ ಅದನ್ನು ಓದಲಾಗಲಿಲ್ಲ. ಎಲ್ಲರೂ ಬಂದರು ಎನ್ನೋಣವೆಂದರೆ ಅಷ್ಟು ದೊಡ್ಡ ಸುಳ್ಳಿಗೆ ಮೇಷ್ಟ್ರ ನಾಲಿಗೆ ಏಳಲಿಲ್ಲ. ಹಾಳೆಯಲ್ಲಿಲ್ಲದ ಸಾಲೊಂದನ್ನು ಪಾಠದ ದನಿಯಲ್ಲೇ ಓದಿಬಿಟ್ಟೆ: "ಅವರಲ್ಲಿ ಒಬ್ಬ ಮೇಲೆ ಬಂದ." ಒಬ್ಬನಾದರೂ ಬಂದನಲ್ಲ ಎಂದು ಅಮ್ಮ ಮತ್ತೆ ಕಾಯಿ ಕೈಗೆತ್ತಿಕೊಂಡಳು.

ಗೋಪಿ ಬೇಸಿಗೆಯಲ್ಲಿ ಮನೆಗೆ ಬಂದ. ಚಳಿಗೆ ಕೊಳೆತ ಎಡಗಾಲಿನ ಮೂರು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದಿದ್ದರು. ಅಮ್ಮನಿಗೆ ಅವನು ಬಂದದ್ದೇ ಹಬ್ಬ. ಒಂದು ದಿನ ಅವಳು ದೇವಸ್ಥಾನಕ್ಕೆ ಹೋಗಿದ್ದಾಗ ನನ್ನ ಬಳಿ ಬಾಯಿಬಿಟ್ಟ. ಹಿಂದೆ ಸರಿಯುವ ಪಡೆ ದಾಟಲೆಂದು, ಮುರಿದ ಮರದ ಸೇತುವೆಯನ್ನು ಸರಿಪಡಿಸಲು ಏಳು ಜನ ನದಿಗಿಳಿದಿದ್ದರಂತೆ.

"ಸೊಂಟದ ಕೆಳಗೆ ಏನೂ ಗೊತ್ತಾಗ್ತಿರ್ಲಿಲ್ಲ. ಆಗ ನಿನ್ ದನಿ ಕೇಳಿಸ್ತು ಕಣಣ್ಣ, ಪಾಠ ಓದ್ತೀಯಲ್ಲ, ಹಂಗೇ. 'ಒಬ್ಬ ಮೇಲೆ ಬಂದ' ಅಂತ. ನಾನು ಹತ್ತಿಬಿಟ್ಟೆ. ಹಿಂದೇನೇ ಸೇತುವೆ ಕುಸೀತು."

ಉಳಿದ ಆರು ಮಂದಿ ಸಿಗಲಿಲ್ಲ. ಆ ಸಾಲನ್ನು ನಾನು ಎಲ್ಲೂ ಬರೆದಿರಲಿಲ್ಲ. ಅಮ್ಮನನ್ನು ಉಪಾಯವಾಗಿ ಕೇಳಿದೆ, ಅವಳೂ ಅವನಿಗೆ ಹೇಳಿರಲಿಲ್ಲ. ಅದೇ ಸಂಜೆಯೇ ಎಂದು ನೋಡೋಣವೆಂದರೆ ಅವನಿಗೆ ತಾರೀಖು ನೆನಪಿಲ್ಲ. ಕಾಕತಾಳೀಯ ಎನ್ನುತ್ತೀರಿ. ನಾನೂ ಎಷ್ಟೋ ಸಲ ಹಾಗೆಂದುಕೊಂಡು ಮಲಗಿದ್ದೇನೆ, ನಿದ್ದೆ ಬಂದಿಲ್ಲ.

ಗೋಪಿ ಅಂದು ಆ ಆರು ಜನರ ಹೆಸರನ್ನು ಒಂದೊಂದಾಗಿ ಹೇಳಿದ. ನಾನು ತಲೆತಗ್ಗಿಸಿ ಕೇಳಿದೆ. ಎಲ್ಲರೂ ಮೇಲೆ ಬಂದರು ಎಂದು ಓದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?