ಮಂಗನ ಗಡೀಪಾರು

ಮನುಷ್ಯನು ಈ ಭೂಮಿಯ ಒಡೆಯನಲ್ಲ, ಬರೀ ಬಾಡಿಗೆದಾರ ಎಂಬ ಅರಿವು ಜ್ಞಾನಿಗಳಿಗೆ ದೀರ್ಘ ತಪಸ್ಸಿನಿಂದ ಲಭಿಸುತ್ತದೆ ಎನ್ನುತ್ತಾರೆ. ನನಗೆ ಅದು ಲಭಿಸಿದ್ದು ಮೇ ತಿಂಗಳ ಒಂದು ಬೆಳಿಗ್ಗೆ, ನನ್ನ ಬೆತ್ತದ ಕುರ್ಚಿಯಲ್ಲಿ ಮಂಗವೊಂದು ಆರಾಮಾಗಿ ಒರಗಿ ಕುಳಿತು ನಮ್ಮ ಮನೆಯ ಹಲಸಿನ ಹಪ್ಪಳ ತಿನ್ನುತ್ತಿದ್ದಾಗ. ಹಪ್ಪಳ ಇನ್ನೂ ಅರ್ಧ ಹಸಿಯಾಗಿತ್ತು. ಮಂಗಕ್ಕೆ ಅದರಿಂದೇನೂ ಬೇಸರವಾದ ಹಾಗೆ ಕಾಣಲಿಲ್ಲ.

ನಮ್ಮ ಮನೆ ಇರುವುದು ಹೊನ್ನಾವರ ದಾಟಿ ಕುಮಟೆಯ ಕಡೆಗೆ ಹೋಗುವಾಗ, ಹೆದ್ದಾರಿಯಿಂದ ಎಡಕ್ಕೆ, ಸಮುದ್ರದ ಬದಿಗೆ ಇಳಿದರೆ ಸಿಗುವ ಊರಿನಲ್ಲಿ. ನ್ಯಾಯಾಲಯದ ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಮೇಲೆ ನನಗೆ ಉಳಿದ ಅಧಿಕಾರ ವ್ಯಾಪ್ತಿ ಎಂದರೆ ಈ ಮನೆಯ ಅಂಗಳ. ಅದರಲ್ಲೂ ಅಡುಗೆಮನೆಯ ಬದಿಯ ಅರ್ಧ ಹೆಂಡತಿಯ ಸ್ವಾಧೀನದಲ್ಲಿದೆ. ಹಪ್ಪಳದ ಕಾಲದಲ್ಲಿ ಉಳಿದರ್ಧವೂ ಅವಳದೇ. ಚಾಪೆ ಹಾಸಿ, ಹಪ್ಪಳ ಹರವಿ, ನನ್ನ ಕೈಗೊಂದು ಕೋಲು ಕೊಟ್ಟು ಕುರ್ಚಿಯಲ್ಲಿ ಕೂರಿಸಿದರೆ ಅವಳ ಮಟ್ಟಿಗೆ ವ್ಯವಸ್ಥೆ ಮುಗಿಯಿತು.

ಆದರೆ ಆ ವರ್ಷದ ಹಪ್ಪಳ ಪ್ರತಿ ವರ್ಷದ ಹಪ್ಪಳವಾಗಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಮಗಳ ಮದುವೆಯಾಗಿತ್ತು. ಬೀಗರದು ಕುಮಟಾ ತಾಲೂಕಿನಲ್ಲೇ, ಯಾಣಕ್ಕೆ ಹೋಗುವ ಹಾದಿಯ ಒಂದು ತೋಟದ ಊರು. ಅಲ್ಲಿ ಹಲಸಿಗೆ ಬರವಿಲ್ಲ, ಬರವಿರುವುದು ಬಿಸಿಲಿಗೆ. ಮರಗಳ ನೆರಳು, ಬೇಗ ಬರುವ ಮೋಡ. ಹೀಗಾಗಿ ಊಟದ ಪಂಕ್ತಿಯಲ್ಲಿ ಬೀಗತಿಯು ತಮ್ಮ ಕಡೆ ಹಪ್ಪಳ ಒಣಗುವ ಮೊದಲೇ ಬೂಸು ಹಿಡಿಯುತ್ತದೆ ಎಂದು ಸಹಜವಾಗಿ ಹೇಳಿದ್ದಕ್ಕೆ, ನನ್ನ ಹೆಂಡತಿ ಎರಡೂ ಕಡೆಯ ನೆಂಟರ ಎದುರು, ಇನ್ನು ಮೇಲೆ ನಿಮ್ಮನೆಯ ಮಳೆಗಾಲದ ಹಪ್ಪಳ ನಮ್ಮದು ಎಂದು ಮಾತು ಕೊಟ್ಟುಬಿಟ್ಟಳು. ಮದುವೆಯಲ್ಲಿ ಕೊಟ್ಟ ಉಳಿದ ಮಾತುಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ತಿನ್ನುವ ವಸ್ತುವಿನ ಮಾತನ್ನು ಬೀಗರು ಮರೆಯುವುದಿಲ್ಲ.

ಮಾತು ಉಳಿಯಬೇಕಾದರೆ ಜೂನಿನ ಮಳೆ ಕಾಲಿಡುವುದರೊಳಗೆ ದೊಡ್ಡ ಡಬ್ಬ ತುಂಬಬೇಕು. ತೊಳೆ ಬಿಡಿಸಿ, ಬೇಯಿಸಿ, ಉಪ್ಪು ಖಾರ ಜೀರಿಗೆ ಹಾಕಿ ರುಬ್ಬಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಅಂಗಳಕ್ಕೆ ತಂದು ಹರವುವ ತನಕ ಎಲ್ಲವೂ ನಮ್ಮ ಕೈಯಲ್ಲಿತ್ತು. ಅಲ್ಲಿಂದ ಮುಂದೆ ಮಂಗದ ಕೈಯಲ್ಲಿ.

ಅದು ಹಿಂಡಿನ ಮಂಗವಲ್ಲ. ಹಿಂಡಿನಿಂದ ಹೊರಬಿದ್ದ, ಅಥವಾ ಹಿಂಡೇ ಕೈಬಿಟ್ಟ, ದಪ್ಪ ಕತ್ತಿನ ಒಂಟಿ ಗಂಡು. ಅದರ ಮುಖದಲ್ಲಿ ಕೆಲಸ ಗೊತ್ತಿರುವ ಹಳೇ ಗುಮಾಸ್ತನ ನಿರ್ಲಿಪ್ತತೆ ಇತ್ತು. ನಾನು ಕೋಲು ಎತ್ತಿದರೆ ಅದು ಏಳುತ್ತಿತ್ತು, ಆದರೆ ಗೌರವ ಕೊಡಲು ಎದ್ದವರ ಹಾಗೆ ಎದ್ದು ಮತ್ತೆ ಕೂರುತ್ತಿತ್ತು. ಅಂಗಳದ ನಡುವೆ ಕಪ್ಪು ಕೊಡೆ ಬಿಡಿಸಿಟ್ಟೆವು; ಮಧ್ಯಾಹ್ನ ಬಿಸಿಲು ಹೆಚ್ಚಾದಾಗ ಅದರ ಕೆಳಗೆ ಕುಳಿತು ತಿಂದಿತು. ಹೊನ್ನಾವರದ ಪೇಟೆಯಿಂದ ಹತ್ತಿ ತುಂಬಿದ ಹುಲಿಯೊಂದನ್ನು ತಂದೆ. ಹುಲಿಯ ಮೊದಲ ದರ್ಶನಕ್ಕೆ ಮಂಗ ತೆಂಗಿನ ಮರ ಏರಿದ್ದು ನಿಜ. ಆಮೇಲೆ ಇಳಿದು ಬಂತು, ಹುಲಿಯ ಕಿವಿಯನ್ನು ಬಿಡಿಸಿ ಒಳಗೆ ನೋಡಿತು, ಹೇನು ಸಿಗದೆ ನಿರಾಶೆಗೊಂಡಿತು. ಆ ಹೊತ್ತಿನಿಂದ ಹುಲಿಗೆ ಬೆನ್ನು ಕೊಟ್ಟು ಒರಗುವುದು ಅದರ ರೂಢಿಯಾಯಿತು.

ನಮ್ಮ ಬೇಲಿಯಾಚೆ ಬೋಟಿನ ಕೆಲಸದವರ ಮನೆ. ಆ ನೆರೆಯವನೂ ಅದೇ ಬಿಸಿಲಿನಲ್ಲಿ ಸೀಗಡಿ ಒಣಗಿಸುತ್ತಿದ್ದ. ಅವನ ಚಾಪೆಗೆ ಕಾವಲಿಲ್ಲ, ಕೋಲಿಲ್ಲ, ಹುಲಿಯಿಲ್ಲ. ಆದರೂ ಮಂಗ ಅತ್ತ ತಲೆ ಹಾಕುತ್ತಿರಲಿಲ್ಲ. ಒಂದು ದಿನ ಅವನು ಬೇಲಿಯ ಮೇಲೆ ಕೈಯಿಟ್ಟು ನನ್ನ ಕಾವಲನ್ನು ಬಹಳ ಹೊತ್ತು ನೋಡಿದ.

"ನಮ್ಮ ಸೀಗಡಿ ಮೂಸೂದೂ ಇಲ್ಲ ಸಾಹೇಬ್ರೆ," ಎಂದ. "ಮಡಿ ಮಂಗ. ನಿಮ್ಮ ಕಡೆದೇ ಸೈ."

ಈ ವಂಶಾವಳಿಯನ್ನು ನಾನು ದಾಖಲೆಯಿಲ್ಲದ ಹೇಳಿಕೆ ಎಂದು ತಳ್ಳಿಹಾಕಿದೆ. ಆದರೆ ಅವನು ಮುಂದೆ ಹೇಳಿದ್ದನ್ನು ಗಮನವಿಟ್ಟು ಕೇಳಿದೆ. ಘಟ್ಟದ ಮೇಲಿನಿಂದ, ಹಾವೇರಿ ಕಡೆಯಿಂದ, ಮಂಗ ಹಿಡಿಯುವುದನ್ನೇ ಕಸುಬು ಮಾಡಿಕೊಂಡ ಒಬ್ಬಾತ ಬಂದಿದ್ದಾನೆ. ಮಂಕಿ ಊರಿನ ತೆಂಗಿನ ತೋಟಗಳಲ್ಲಿ ಕೆಲಸ ಮುಗಿಸಿ ಈಗ ನಮ್ಮ ಪಂಚಾಯಿತಿಯವರು ಕರೆಸಿಕೊಂಡಿದ್ದಾರೆ. ಅರಣ್ಯ ಇಲಾಖೆಯ ಒಪ್ಪಿಗೆಯೂ ಆಗಿದೆ. ಹೇಳಿದರೆ ನಮ್ಮ ಅಂಗಳಕ್ಕೂ ಬರುತ್ತಾನೆ. ಕಾನೂನು ಪ್ರಕಾರ ನಡೆಯುವ ಕೆಲಸ ಎಂದು ತಿಳಿದು ನನ್ನ ಮನಸ್ಸು ಹಗುರವಾಯಿತು. ಹೊಡೆಯುವುದಲ್ಲ, ಕೊಲ್ಲುವುದಲ್ಲ, ಹಿಡಿದು ದೂರದ ಕಾಡಿಗೆ ಬಿಡುವುದು. ನಮ್ಮ ಕಚೇರಿಯ ಭಾಷೆಯಲ್ಲಿ ಗಡೀಪಾರು.

ಆತ ಬಂದ. ಸಣ್ಣ ಆಳು, ದೊಡ್ಡ ಮೀಸೆ, ಕೊರಳಲ್ಲಿ ಮಾರುತಿಯ ಪದಕ. ಅವನ ಹಿಂದೆ ಗೂಡ್ಸ್ ರಿಕ್ಷಾದಲ್ಲಿ ಕಬ್ಬಿಣದ ಜಾಳಿಗೆಯ ಪಂಜರ. ಇಡೀ ಹಿಂಡು ಹಿಡಿಯಲು ಮಾಡಿಸಿದ್ದಂತೆ. ಒಳಗೆ ಮನುಷ್ಯ ನೆಟ್ಟಗೆ ನಿಲ್ಲಬಹುದಿತ್ತು. ಪೇಟೆಯ ಮನೆಗಳ ಕೆಲವು ಮಲಗುವ ಕೋಣೆಗಳು ಅದಕ್ಕಿಂತ ಸಣ್ಣವಿರುತ್ತವೆ.

ಕಸುಬುದಾರನಿಗೆ ತಕ್ಕ ಗಾಂಭೀರ್ಯ ಅವನಲ್ಲಿತ್ತು. ಮಂಗವನ್ನು ಅವನು ಮಂಗ ಎನ್ನುತ್ತಿರಲಿಲ್ಲ, ಕೇಸು ಎನ್ನುತ್ತಿದ್ದ. ಕೇಸು ಯಾವ ಮರದಿಂದ ಇಳಿಯುತ್ತದೆ, ಕೇಸಿಗೆ ಎಡಗೈಯೋ ಬಲಗೈಯೋ ಎಂದು ನನ್ನನ್ನು ವಿಚಾರಿಸಿದ. ಇಷ್ಟು ವರ್ಷ ಕೇಸುಗಳ ನಡುವೆ ಬದುಕಿದ ನನಗೆ ಅವನ ಮೇಲೆ ಒಮ್ಮೆಲೇ ಅಭಿಮಾನ ಹುಟ್ಟಿತು. ಆಮೇಲೆ ತೆಂಗಿನಕಾಯಿ ಕೇಳಿ ಪಡೆದು, ಮಾರುತಿಯ ಕ್ಷಮೆ ಬೇಡಿ, ಪಂಜರದ ಎದುರು ಒಡೆದ. ಒಂದು ಹೋಳನ್ನು ನನ್ನ ಕೈಗೆ ಕೊಟ್ಟ. ಇನ್ನೊಂದು ಹೋಳು, ಅವನು ಬಗ್ಗಿ ಏಳುವುದರೊಳಗೆ, ಕೇಸಿನ ಕೈಯಲ್ಲಿ ಮಾಡಿನ ಮೇಲಿತ್ತು.

ಅವನ ಕ್ರಮ ಸರಳವಾಗಿತ್ತು. ಮೊದಲು ಪಂಜರದ ಬಾಗಿಲು ಎತ್ತಿ ಕಟ್ಟಿ ಒಳಗೆ ತಿನಿಸು ಇಡುವುದು; ಮಂಗ ಹೋಗಿ ಬಂದು ರೂಢಿಯಾಗಲಿ. ಆಮೇಲೆ ಒಂದು ದಿನ ಮರೆಯಲ್ಲಿ ಕುಳಿತು ಹಗ್ಗ ಬಿಡುವುದು. ಅಲ್ಲಿಯವರೆಗೆ ಅಂಗಳದಲ್ಲಿ ಬೇರೇನೂ ತಿನ್ನಲು ಸಿಗಬಾರದು. ಹಪ್ಪಳವೂ ಹೊರಗೆ ಬರುವಂತಿಲ್ಲ. ಆಕಾಶದ ಪಶ್ಚಿಮದಲ್ಲಿ ಸಂಜೆಗೊಮ್ಮೆ ಮೋಡ ಕಟ್ಟಲು ಶುರುವಾಗಿತ್ತು. ಒತ್ತಿದ ಹಪ್ಪಳವೆಲ್ಲ ಫ್ಯಾನಿನ ಕೆಳಗೆ, ಮಂಚದ ಮೇಲೆ. ನಾವು ನೆಲದ ಮೇಲೆ. ಹೆಂಡತಿ ಮಾತು ಕಡಿಮೆ ಮಾಡಿದಳು. ಅದು ನಮ್ಮಲ್ಲಿ ಚಂಡಮಾರುತದ ಮುನ್ಸೂಚನೆಗೆ ಸಮ.

ಪಂಜರದಲ್ಲಿ ಶೇಂಗಾ ಇಟ್ಟರು, ಮಂಗ ಮುಟ್ಟಲಿಲ್ಲ. ಬಾಳೆಹಣ್ಣಿನ ಚಿಪ್ಪನ್ನೇ ಇಟ್ಟರು, ದೂರದಿಂದ ನೋಡಿ ಬೆನ್ನು ಕೆರೆದುಕೊಂಡಿತು. ಇಂಥ ಕೇಸು ತಾನು ಕಂಡದ್ದಿಲ್ಲ ಎಂದು ಆತ ಮೀಸೆ ಮುಟ್ಟಿಕೊಂಡ. ಕೊನೆಗೆ ಹೆಂಡತಿಯೇ ಒಂದು ತಟ್ಟೆ ತಂದು ಅವನ ಮುಂದಿಟ್ಟಳು. ಅದರಲ್ಲಿ ಒಡೆದ ಹಪ್ಪಳದ ಚೂರುಗಳಿದ್ದವು. ಮಂಗ ಪಂಜರದ ಬಾಗಿಲ ತನಕ ಬಂತು, ಚೂರುಗಳನ್ನು ಪರಿಶೀಲಿಸಿ ಹಿಂದಿರುಗಿತು. ಅವಳು ಒಳಗೆ ಹೋಗಿ, ಬೀಗರಿಗೆಂದು ತೆಗೆದಿಟ್ಟ ಹಪ್ಪಳಗಳಲ್ಲೇ ಒಂದು ದುಂಡನೆಯದನ್ನು ತಂದಳು. ಮಂಗ ಸೀದಾ ಒಳಗೆ ಹೋಗಿ ತೆಗೆದುಕೊಂಡಿತು.

"ಬಾಳೆಹಣ್ಣು ಯಾರು ಬೇಕಾದ್ರೂ ತಿಂತ," ಎಂದಳು ನನ್ನ ಹತ್ತಿರ, ಬಹಳ ದಿನಗಳ ಮೇಲೆ ಪ್ರಸನ್ನಳಾಗಿ. "ಅದಕ್ಕೆ ರುಚಿ ಗೊತ್ತಿದ್ದು."

ಅಲ್ಲಿಂದ ಕೆಲಸ ಸಲೀಸಾಯಿತು. ದಿನಕ್ಕೊಂದು ಒಳ್ಳೆಯ ಹಪ್ಪಳ ಹೋಗುತ್ತಿತ್ತು, ಮಂಗ ಬರುತ್ತಿತ್ತು. ಒಂದು ಬೆಳಿಗ್ಗೆ, ನೆರೆಯವನೂ ಬೇಲಿಗೆ ಬಂದು ನಿಂತಿದ್ದಾಗ, ಆತ ಬಾವಿಕಟ್ಟೆಯ ಮರೆಯಿಂದ ಹಗ್ಗ ಬಿಟ್ಟ. ಬಾಗಿಲು ಧಡಾರನೆ ಬಿತ್ತು. ಮಂಗ ಒಮ್ಮೆ ಸುತ್ತಲೂ ನೋಡಿ, ಕೈಯಲ್ಲಿದ್ದ ಹಪ್ಪಳವನ್ನು ಮುಗಿಸಿ, ಆಮೇಲೆ ಗಲಾಟೆ ಶುರು ಮಾಡಿತು. ನನಗೆ ಅದರ ಕ್ರಮ ಮೆಚ್ಚುಗೆಯಾಯಿತು.

ಹೆಂಡತಿ ಆಗಲೇ ಮಂಚದ ಹಪ್ಪಳಗಳನ್ನು ಅಂಗಳಕ್ಕೆ ಸಾಗಿಸುತ್ತಿದ್ದಳು. ನಾನು ಆತನಿಗೆ ಚಹಾ ಕೊಟ್ಟು, ಶಿಷ್ಟಾಚಾರಕ್ಕೆಂದು, ಕೇಸನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿದೆ.

"ಯಾಣದ ಕಾಡಿಗೆ ರೀ ಸರ," ಎಂದ. "ಸಂಜಿ ಒಳಗ ಬಿಟ್ಟು ಬರ್ತೇನಿ. ಅಲ್ಲಿಂದ ತಿರುಗಿ ಬರೂದಿಲ್ಲ, ಗ್ಯಾರಂಟಿ."

ಹೆಂಡತಿಯ ಕೈಯ ಚಾಪೆ ಅರ್ಧ ಬಿಚ್ಚಿದ್ದು ಅಲ್ಲಿಗೇ ನಿಂತಿತು. ಯಾಣದ ಹಾದಿಯಲ್ಲಿ ಎಲ್ಲಿ ಎಂದು ಕೇಳಿದಳು. ಆತ ಗುರುತು ಹೇಳಿದ. ಸೇತುವೆ, ಅದರ ಮುಂದಿನ ತಿರುವು, ತಿರುವಿನ ಬಲಕ್ಕೆ ತೋಟ, ತೋಟದ ಹಿಂದೆ ಕಾಡು. ತೋಟ ನಮ್ಮ ಬೀಗರದು.

ಈಗ ಪರಿಸ್ಥಿತಿಯನ್ನು ನಿಷ್ಪಕ್ಷಪಾತವಾಗಿ ನೋಡಬೇಕು. ಬೀಗರಿಗೆ ಹಪ್ಪಳ ಕಳಿಸಲು ಮಂಗ ಹಿಡಿಸಿದೆವು. ಮಂಗವನ್ನು ಬೀಗರ ಹಿತ್ತಿಲಿಗೆ ಕಳಿಸಿದರೆ, ಹಿಂದಿನಿಂದ ಹೋಗುವ ಹಪ್ಪಳವನ್ನು ಅದು ಅಲ್ಲಿಯೇ ಸ್ವೀಕರಿಸುತ್ತದೆ. ಅದರ ರುಚಿಯನ್ನು ಬೆಳೆಸಿದವರೂ ನಾವೇ. ಗುಟ್ಟಾಗಿ ಇಡೋಣವೆಂದರೆ, ಸಾಗಿಸುವ ಗೂಡ್ಸ್ ರಿಕ್ಷಾದವನು ಕುಮಟೆಯವನು, ಪ್ರತಿ ಚಹಾದಂಗಡಿಯಲ್ಲೂ ನಿಲ್ಲಿಸುವವನು.

ಹೆಂಡತಿ ಬೀಗತಿಗೆ ಫೋನು ಮಾಡಿದಳು. ಮಗಳ ಆರೋಗ್ಯ, ಎಮ್ಮೆಯ ಆರೋಗ್ಯ, ಮೋಡ ಎಲ್ಲವನ್ನೂ ವಿಚಾರಿಸಿ, ದಾರಿಯಲ್ಲಿ ಸಿಕ್ಕ ವಿಷಯವೆಂಬಂತೆ, ನಿಮ್ಮಲ್ಲಿ ಮಂಗನ ಉಪದ್ರವ ಇದೆಯೇ ಎಂದಳು. ಸ್ಪೀಕರಿನಲ್ಲಿ ಉತ್ತರ ನನಗೂ ಕೇಳಿತು.

"ಈಗ ಇಲ್ಲೆ. ಹೋದ ವರ್ಷ ಯಾರೋ ಗಾಡೀಲಿ ತಂದು ಬಿಟ್ಟಿಕ್ಕೆ ಹೋಗಿದ್ದ. ಯಾರ ಮನೇದು ಹೇಳಿ ಇನ್ನೂ ಹುಡುಕ್ತಾ ಇದ್ಯ."

ತಂದು ಬಿಟ್ಟವರನ್ನು ಇನ್ನೂ ಹುಡುಕುತ್ತಿದ್ದಾರೆ ಎಂದಾದ ಮೇಲೆ ಯಾಣವನ್ನು ಪಟ್ಟಿಯಿಂದ ತೆಗೆಯಲಾಯಿತು. ಆತ ಭಟ್ಕಳದ ಮೇಲಿನ ಕಾಡು ಸೂಚಿಸಿದ. ಆ ಕಾಡಿನ ಅಂಚಿಗೆ ನನ್ನ ಷಡ್ಡಕನ ಗೇರುತೋಟ. ಮದುವೆಯಲ್ಲಿ ಅವನನ್ನು ಎರಡನೆಯ ಪಂಕ್ತಿಗೆ ಕೂರಿಸಿದ್ದಕ್ಕೆ ನಮ್ಮ ಮೇಲೆ ಈಗಾಗಲೇ ಮುನಿಸು; ಮಂಗ ಹೋದರೆ ಅದನ್ನು ನಮ್ಮ ಉತ್ತರವೆಂದೇ ಭಾವಿಸುತ್ತಾನೆ. ಮಂಕಿಯ ಗುಡ್ಡ ಎಂದರೆ ಗುಡ್ಡದ ಬುಡದಲ್ಲಿ ನನ್ನ ತಂಗಿಯ ಮನೆ, ಅವಳ ಅತ್ತೆ ಇನ್ನೂ ಗಟ್ಟಿಯಾಗಿದ್ದಾರೆ. ಕೊನೆಗೆ ಆತ ಗೇರುಸೊಪ್ಪೆಯ ಕಡೆ ಎಂದ. ಅದು ನನ್ನ ಹೆಂಡತಿಯ ತವರಿನ ದಿಕ್ಕು. ಆ ಸಲಹೆಯನ್ನು ಬೆಂಬಲಿಸಿದವನು ನಾನೊಬ್ಬನೇ.

ಆತ ಚಹಾದ ಲೋಟ ಕೆಳಗಿಟ್ಟ.

"ನಿಮ್ಮ ನೆಂಟ್ರಿಲ್ಲದ ಕಾಡು ಯಾವುದೈತಿ ಹೇಳ್ರಿ ಸರ. ಅಲ್ಲೇ ಬಿಡ್ತೇನಿ."

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಮೂರು ತಾಲೂಕುಗಳನ್ನು ಮನಸ್ಸಿನಲ್ಲೇ ಸುತ್ತಿ ಬಂದೆ. ಒಬ್ಬ ಮನುಷ್ಯನಿಗೆ ಇಷ್ಟೊಂದು ನೆಂಟರಿರಬಾರದು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿದ್ದಲ್ಲ, ಆದರೆ ಅದಕ್ಕೆ ಪುರಾವೆ ಸಿಕ್ಕಿದ್ದು ಮೊದಲ ಸಲ. ಬೇಲಿಯಾಚೆಯಿಂದ ನೆರೆಯವನು, ಬೋಟಿನಲ್ಲಿ ಹಾಕಿ ಸಮುದ್ರದ ಆಚೆ ಬಿಡುವ ವಿಚಾರ ಬೇಕಿದ್ದರೆ ಹೇಳಿ, ನಮ್ಮ ಬೋಟು ಖಾಲಿ ಇದೆ ಎಂದು ಸಹಾಯ ಹಸ್ತ ಚಾಚಿದ.

ಹೆಂಡತಿ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವಳು ಪಂಜರವನ್ನು ನೋಡುತ್ತಿದ್ದಳು. ಅದರ ಸುತ್ತ ಒಂದು ಸುತ್ತು ಬಂದಳು, ಜಾಳಿಗೆಯನ್ನು ಬೆರಳಿನಿಂದ ಒತ್ತಿ ನೋಡಿದಳು, ಮೇಲೆ ಬಿಸಿಲು ಹೇಗೆ ಬೀಳುತ್ತದೆಂದು ಕಣ್ಣು ಕಿರಿದು ಮಾಡಿ ಅಳೆದಳು. ಮಂಗ ಅವಳ ಜೊತೆ ಒಳಗಿನಿಂದಲೇ ಸುತ್ತಿತು.

"ಬಾಗಿಲು ತೆಗೀರಿ," ಎಂದಳು.

ಹಿಡಿದ ಕೇಸನ್ನು ಹಿಡಿದ ಜಾಗದಲ್ಲೇ ಬಿಟ್ಟ ಉದಾಹರಣೆ ತನ್ನ ಕಸುಬಿನಲ್ಲಿ ಇಲ್ಲ ಎಂದು ಆತ ಬಹಳ ನೊಂದು ಹೇಳಿದ. ನನ್ನ ಕಡೆ ನೋಡಿದ. ಮೇಲ್ಮನವಿಗೆ ಅವಕಾಶವಿಲ್ಲದ ಪೀಠ ಅದು ಎಂದು ತಿಳಿಸಿದೆ. ಆತ ಬಾಗಿಲು ಎತ್ತಿದ. ಮಂಗ ಹೊರಗೆ ಬಂದು, ಓಡದೆ, ಪಂಜರದ ನೆತ್ತಿಯ ಮೇಲೆ ಹತ್ತಿ ಕುಳಿತಿತು.

ಹೆಂಡತಿ ಬಾವಿಯ ನೀರು ಸೇದಿ ಪಂಜರವನ್ನು ತೊಳೆದಳು. ಸಮಾಧಾನವಾಗದೆ ಮತ್ತೆ ತೊಳೆದಳು. ಒಳಗೆ ನಟ್ಟನಡುವೆ, ಯಾವ ಬದಿಯಿಂದ ಕೈ ಹಾಕಿದರೂ ಎಟುಕದಷ್ಟು ದೂರದಲ್ಲಿ, ಬೆಂಚು ಹಾಕಿಸಿ ಚಾಪೆ ಹಾಸಿ ಹಪ್ಪಳ ಹರವಿದಳು. ಆತನಿಗೆ ಮುಂದಿನ ಕೆಲಸ ಭಟ್ಕಳದ ಕಡೆ ಇತ್ತು, ಅಲ್ಲಿಗೆ ಸಣ್ಣ ಪಂಜರ ಸಾಕಾಗಿತ್ತು. ಮಳೆ ಬೀಳುವ ತನಕ ಇದು ಇಲ್ಲೇ ಇರಲಿ ಎಂದು ಅವಳು ಕೇಳಿದ ರೀತಿಯಲ್ಲಿ ಪ್ರಶ್ನೆಯ ಅಂಶ ಇರಲಿಲ್ಲ. ಊಟಕ್ಕೆ ಹಾಕಿದಳು, ಎಣ್ಣೆಯಲ್ಲಿ ಕರಿದ ಹಪ್ಪಳ ಬಡಿಸಿದಳು. ತಿನ್ನುತ್ತಾ ಆತ, ಮಂಗ್ಯಾನ ತಪ್ಪಿಲ್ಲ ಬಿಡ್ರಿ ಎಂದ. ಅವನ ಬಾಯಲ್ಲಿ ಮಂಗ ಎಂಬ ಶಬ್ದ ಕೇಳಿದ್ದು ಅದೊಂದೇ ಸಲ.

ಹಪ್ಪಳ ಮಗುಚಿ ಹಾಕುವ ಕೆಲಸ ನನಗೆ ಬಂತು. ಒಳಗೆ ಹೋಗಿ, ಮಂಗ ನುಗ್ಗದಂತೆ ಬಾಗಿಲು ಹಾಕಿಕೊಂಡು, ಒಂದೊಂದೇ ತಿರುವಬೇಕು. ಹೊರಗೆ ನನ್ನ ಬೆತ್ತದ ಕುರ್ಚಿಯಲ್ಲಿ ಮಂಗ ಕುಳಿತು, ಪಕ್ಕದಲ್ಲಿ ಹುಲಿಯನ್ನು ಇಟ್ಟುಕೊಂಡು, ನನ್ನನ್ನು ನೋಡುತ್ತಿತ್ತು. ಮಧ್ಯೆ ಎಲ್ಲೋ ನಾನು ಸರಿಯಾಗಿ ತಿರುವದಿದ್ದರೆ ಹಲ್ಲು ಕಿರಿಯುತ್ತಿತ್ತು. ನೆರೆಯವನು ದಿನವೂ ಬೇಲಿಗೆ ಬರುತ್ತಿದ್ದ. ಮೊದಲ ದಿನ ಪಂಜರದೊಳಗಿನ ನನ್ನನ್ನೂ ಕುರ್ಚಿಯ ಮೇಲಿನ ಮಂಗವನ್ನೂ ನೋಡಿ, "ಅಂತೂ ಸಿಕ್ತು ಅಲ್ಲ ಸಾಹೇಬ್ರೆ," ಎಂದು ಹೇಳಿ ಸೀಗಡಿ ತಿರುವಲು ಹೋದ.

ಮಳೆ ಬೀಳುವ ಮೊದಲು ಹಪ್ಪಳ ಒಣಗಿತು. ಡಬ್ಬ ಬೀಗರ ಮನೆ ಸೇರಿತು. ಮಂಗ ನಮ್ಮಲ್ಲೇ ಇದೆ.